ಅಳಿಸಿದರೂ ಮರಳಿ ಬಂದ ಫೈಲ್: ಒಂದು ಪ್ರಕರಣ ಅಧ್ಯಯನ

ನಾನು ಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ನಮ್ಮ ಶಾಲೆಯ ಆಪ್ತಸಮಾಲೋಚಕಿಯೂ ನಾನೂ ಸೇರಿ ಸುಮಾರು ಏಳು ವಾರ ನಿಭಾಯಿಸಿದ ಪ್ರಕರಣವಿದು. ಬರೆಯಲು ಮಗುವಿನ ಮತ್ತು ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಫೈಲಿನ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ, ಅದರ ಕಾರಣ ಮುಂದೆ ಬರುತ್ತದೆ.

ಹಿನ್ನೆಲೆ

ಹುಡುಗನಿಗೆ ಹನ್ನೆರಡು ವರ್ಷ. ಲ್ಯಾಬಿಗೆ ಎಲ್ಲರಿಗಿಂತ ಮೊದಲು ಬಂದು, ಗಂಟೆ ಹೊಡೆದ ಮೇಲೂ ಏಳಲು ಒಪ್ಪದ ಹುಡುಗ. ಅಂಥವನು ಒಂದು ದಿನ ಗೋಡೆಗೆ ಬೆನ್ನು ಕೊಟ್ಟು ಕೂರುವ ಜಾಗಕ್ಕಾಗಿ ಗೆಳೆಯನೊಂದಿಗೆ ಜಗಳಕ್ಕೆ ನಿಂತ. ಆಮೇಲೆ ಗಮನಿಸಿದೆ: ಕಂಪ್ಯೂಟರ್ ಶುರುವಾಗುವಾಗ ಪರದೆ ಕಪ್ಪಗಿರುವ ಆ ಕೆಲವು ಕ್ಷಣ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕಪ್ಪು ಪರದೆಯಲ್ಲಿ ತನ್ನ ಮುಖ ಕಾಣುತ್ತದೆ, ತನ್ನ ಬೆನ್ನ ಹಿಂದಿರುವುದೂ ಕಾಣುತ್ತದೆ ಎಂಬುದೇ ಅವನ ಭಯವಾಗಿತ್ತು.

ತಾಯಿಯನ್ನು ಕರೆಸಿದಾಗ ವಿಷಯ ಹೊರಬಿತ್ತು. ಒಂಬತ್ತು ರಾತ್ರಿಗಳಿಂದ ದೀಪ ಆರಿಸಲು ಬಿಡುತ್ತಿಲ್ಲ. ಊಟ ಅರ್ಧಕ್ಕೆ ಬಿಟ್ಟು ಏಳುತ್ತಾನೆ. ಬೆಳಿಗ್ಗೆ ಎದ್ದರೆ ತಲೆನೋವು. ಹಿರಿಯ ವಿದ್ಯಾರ್ಥಿಯೊಬ್ಬ ಅವನಿಗೆ ಒಂದು ಜಿಪ್ ಫೈಲ್, ಅಂದರೆ ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ ಗಂಟು, ಕಳುಹಿಸಿದ್ದ. ಅದರಲ್ಲಿದ್ದದ್ದು ಮೂರು: ಮನುಷ್ಯರ ಹಲ್ಲು ತೋರಿಸಿ ನಗುವ ನಾಯಿಯ ಚಿತ್ರ, ಮುಕ್ಕಾಲು ನಿಮಿಷದ ಒಂದು ವಿಡಿಯೊ, ನಾಲ್ಕು ಸಾಲಿನ ಒಂದು ಟಿಪ್ಪಣಿ. ಚಿತ್ರ ನೋಡಿದವರ ಕನಸಿಗೆ ನಾಯಿ ಬರುತ್ತದೆ, ಹತ್ತು ರಾತ್ರಿಯೊಳಗೆ ಇನ್ನೊಬ್ಬರಿಗೆ ದಾಟಿಸದಿದ್ದರೆ ಅದು ಬಿಡುವುದಿಲ್ಲ ಎಂದು ಟಿಪ್ಪಣಿ ಹೇಳುತ್ತಿತ್ತು.

ಈ ಕಥೆಗೆ ದೊಡ್ಡ ಬಳಗವೇ ಇದೆ. ನಗುವ ನಾಯಿಯ ಚಿತ್ರ 2000ರ ದಶಕದ ಕೊನೆಯಿಂದ ಅಂತರ್ಜಾಲದಲ್ಲಿ ತಿರುಗುತ್ತಿದೆ. 2010ರಲ್ಲಿ, ನೀರಿನಲ್ಲಿ ಮುಳುಗಿ ಸತ್ತ ಹುಡುಗನ ಆತ್ಮ ಹಳೆಯ ಗೇಮ್ ಕಾರ್ಟ್ರಿಜ್ಜಿನೊಳಗೆ ಇದೆಯೆಂಬ ಕಥೆ ಬಂತು, ಮರುವರ್ಷ ಆಡಿದವರನ್ನು ಕೊಲ್ಲುವ ಗೇಮ್ ಫೈಲಿನ ಕಥೆ. ಇಂಥವಕ್ಕೆ ಕ್ರೀಪಿಪಾಸ್ತಾ ಎಂಬ ಹೆಸರಿದೆ. ಕಾಪಿ ಮಾಡು, ಪೇಸ್ಟ್ ಮಾಡು ಎಂಬುದರಿಂದ ಹುಟ್ಟಿದ ಮಾತು ಅದು. ನಕಲಾಗುವುದೇ ಅದರ ಬದುಕು ಎಂಬುದನ್ನು ಹೆಸರೇ ಒಪ್ಪಿಕೊಳ್ಳುತ್ತದೆ. ಪ್ರಕರಣದ ಕೊನೆಗೆ ನಮಗೆ ಉಪಯೋಗಕ್ಕೆ ಬಂದದ್ದೂ ಇದೇ, ಆದರೆ ಅಲ್ಲಿಗೆ ತಲುಪಲು ನಾನು ಎರಡು ತಪ್ಪು ದಾರಿಗಳಲ್ಲಿ ಹೋಗಿ ಬರಬೇಕಾಯಿತು.

ಭಯ ಬಿಗಡಾಯಿಸಿದ ಬಗೆ

ವಿಷಯ ತಿಳಿದ ರಾತ್ರಿಯೇ ತಂದೆ ಮಗನ ಕಣ್ಣೆದುರೇ ಮೂರನ್ನೂ ಅಳಿಸಿದರು. "ನೋಡು, ಹೋಯಿತು" ಎಂದರು. ಯಾವ ತಂದೆಯಾದರೂ ಮಾಡುವ ಕೆಲಸವದು. ಬೆಳಿಗ್ಗೆ ಹುಡುಗ ಕಂಪ್ಯೂಟರ್ ತೆರೆದರೆ ಚಿತ್ರ ಅಲ್ಲೇ ಇದೆ. ಹೆಸರಿನ ತುದಿಗೆ ಹೊಸದೊಂದು ಗುರುತು ಬೇರೆ: ಕಂಸದೊಳಗೆ 1 ಎಂಬ ಅಂಕಿ.

ಅವನಿಗೆ ಅದು ಎಣಿಕೆಯ ಆರಂಭದಂತೆ ಕಂಡಿತು. ನಾಳೆ 2 ಆಗುತ್ತದೆ, ನಾಡಿದ್ದು 3. ಆ ದಿನ ಶಾಲೆಗೆ ಬರಲಿಲ್ಲ.

ಆದದ್ದೇನೆಂದು ಆಮೇಲೆ ಪತ್ತೆಯಾಯಿತು. ಮೊದಲ ದಿನ ಅವನು ಫೈಲನ್ನು ತೆರೆದದ್ದು ಮನೆಯ ಹಳೆಯ ಮೊಬೈಲಿನಲ್ಲಿ. ಆ ಮೊಬೈಲ್ ತನ್ನಲ್ಲಿರುವ ಚಿತ್ರಗಳನ್ನು ಮನೆಯವರ ಕ್ಲೌಡ್ ಖಾತೆಗೆ ತಾನಾಗಿಯೇ ಸೇರಿಸುತ್ತಿತ್ತು, ಕಂಪ್ಯೂಟರಿನ ಫೋಲ್ಡರ್ ಕೂಡ ಅದೇ ಖಾತೆಗೆ ಜೋಡಣೆಯಾಗಿತ್ತು. ಕಂಪ್ಯೂಟರಿನಲ್ಲಿ ಅಳಿಸಿದ್ದು ಒಂದು ಪ್ರತಿಯನ್ನು ಮಾತ್ರ. ರಾತ್ರಿ ಚಾರ್ಜಿಗೆ ಹಾಕಿದ ಮೊಬೈಲ್ ತನ್ನ ಪ್ರತಿಯನ್ನು ಮತ್ತೆ ಏರಿಸಿತ್ತು. ಒಂದೇ ಹೆಸರು ಎರಡು ಸಲ ಬಂದಾಗ ಗೊಂದಲವಾಗದಿರಲೆಂದು ತಂತ್ರಾಂಶ ಸೇರಿಸುವ ಅಂಕಿ ಅದು. ಆದರೆ ಹತ್ತು ರಾತ್ರಿ ನಿದ್ದೆಗೆಟ್ಟ ಮಗುವಿಗೆ ಇದನ್ನೆಲ್ಲ ಯಾರು ಹೇಳಬೇಕಿತ್ತು? "ಹೋಯಿತು" ಎಂದ ಅಪ್ಪನ ಮಾತು ಸುಳ್ಳಾಯಿತು, "ಬಿಡುವುದಿಲ್ಲ" ಎಂದ ಟಿಪ್ಪಣಿಯ ಮಾತು ನಿಜವಾಯಿತು. ಅವನ ಪಾಲಿಗೆ ಲೆಕ್ಕ ಅಷ್ಟೇ.

ಇನ್ನೊಂದು ಸಂಗತಿಯನ್ನು ಅವನು ಯಾರಿಗೂ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ. ಕಂಪ್ಯೂಟರಿನಲ್ಲಿ ಜಿಪ್ ಬಿಚ್ಚಿ ಫೈಲಿನ ವಿವರ ತೆಗೆದು ನೋಡಿದಾಗ ದಿನಾಂಕ 1980ರ ಜನವರಿ 1 ಎಂದಿತ್ತು. ಅವನ ಅಪ್ಪ ಹುಟ್ಟುವುದಕ್ಕಿಂತ ಮೊದಲಿನ ದಿನ.

ಮೊದಲ ಪ್ರಯತ್ನ, ನನ್ನ ತಪ್ಪು

ಸಹೋದ್ಯೋಗಿಗಳಲ್ಲಿ ಕೆಲವರು ನಕ್ಕರು. ನಗುವ ವಿಷಯವಲ್ಲ ಎಂದು ನಾನು ಪಟ್ಟು ಹಿಡಿದೆ. ಮುಖವಿಲ್ಲದ ಉದ್ದನೆಯ ಮನುಷ್ಯನೊಬ್ಬನ ಕಾಲ್ಪನಿಕ ಚಿತ್ರ 2009ರಲ್ಲಿ ಅಂತರ್ಜಾಲದಲ್ಲೇ ಹುಟ್ಟಿತು. ಹುಟ್ಟಿಸಿದವರು ಯಾರು, ಯಾವ ದಿನ ಎಂಬುದೂ ದಾಖಲಾಗಿದೆ. ಹಾಗಿದ್ದರೂ 2014ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹನ್ನೆರಡು ವರ್ಷದ ಇಬ್ಬರು ಹುಡುಗಿಯರು ಅವನನ್ನು ನಿಜವೆಂದು ನಂಬಿ ತಮ್ಮ ಗೆಳತಿಯನ್ನು ಚಾಕುವಿನಿಂದ ಇರಿದರು. ಆ ಗೆಳತಿ ಬದುಕುಳಿದಳು. ಇಂಥದ್ದು ತೀರಾ ಅಪರೂಪ, ನಮ್ಮ ಹುಡುಗ ಅಂಥವನೂ ಅಲ್ಲ. ಆದರೂ ಆ ವಯಸ್ಸಿನಲ್ಲಿ ಕಥೆ ಎಲ್ಲಿ ಮುಗಿಯುತ್ತದೆ, ಲೋಕ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ನಮ್ಮಷ್ಟು ದಪ್ಪವಾಗಿರುವುದಿಲ್ಲ.

ಕಾಳಜಿಯಿತ್ತು, ಆದರೆ ನಾನು ಹಿಡಿದ ದಾರಿ ಸರಿಯಿರಲಿಲ್ಲ. ಹುಡುಗನನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಇಂಥ ಕಥೆಗಳೆಲ್ಲ ಸುಳ್ಳು ಎಂದು ತೋರಿಸಲು ಒಂದಾದ ಮೇಲೊಂದು ಉದಾಹರಣೆ ಹೇಳಿದೆ. 1996ರಲ್ಲಿ ಜಪಾನಿನಲ್ಲಿ ಬಂದ ಪೋಕೆಮಾನ್ ಗೇಮಿನಲ್ಲಿ ಲ್ಯಾವೆಂಡರ್ ಟೌನ್ ಎಂಬ ಊರಿದೆ, ಅದರ ಸಂಗೀತ ಕೇಳಿ ಮಕ್ಕಳು ಪ್ರಾಣ ಕಳೆದುಕೊಂಡರೆಂಬ ಸುದ್ದಿ ಗೇಮ್ ಬಂದು ಒಂದು ದಶಕಕ್ಕೂ ಹೆಚ್ಚು ಕಾಲವಾದ ಮೇಲೆ ಯಾರೋ ಕಟ್ಟಿದ ಕಥೆ ಎಂದೆ.

ಅವನು ತಲೆಯಾಡಿಸಿದ. ಮನೆಗೆ ಹೋಗಿ ನಾನು ಹೇಳಿದ ಪ್ರತಿಯೊಂದು ಹೆಸರನ್ನೂ ಹುಡುಕಿದ. ಎರಡು ದಿನ ಬಿಟ್ಟು ಬಂದವನು ಕೇಳಿದ ಪ್ರಶ್ನೆ ನನ್ನನ್ನು ಕಟ್ಟಿಹಾಕಿತು.

"ಮಿಸ್, 1997ರಲ್ಲಿ ಪೋಕೆಮಾನ್ ಕಾರ್ಟೂನ್ ನೋಡಿ ನೂರಾರು ಮಕ್ಕಳು ಆಸ್ಪತ್ರೆಗೆ ಸೇರಿದ್ದು ನಿಜವಲ್ಲವೇ?"

ನಿಜ. ಡಿಸೆಂಬರ್ 16ರ ಸಂಜೆ ಜಪಾನಿನಲ್ಲಿ ಪ್ರಸಾರವಾದ ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ಸೆಕೆಂಡಿಗೆ ಸುಮಾರು ಹನ್ನೆರಡು ಸಲದಂತೆ ಮಿನುಗಿತು. 685 ಮಂದಿಯನ್ನು ಆಸ್ಪತ್ರೆಗೆ ಸಾಗಿಸಲಾಯಿತು. ಒಂದು ಭಯ ಹೊತ್ತು ಬಂದ ಮಗುವಿಗೆ ನಾನು ಇನ್ನೂ ಐದನ್ನು ಕೊಟ್ಟು ಕಳುಹಿಸಿದ್ದೆ, ಅದರಲ್ಲೊಂದು ನಿಜವೂ ಆಗಿತ್ತು. ಅಂದು ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಅಲ್ಲಿಂದ ಮುಂದೆ ಸಮಾಲೋಚಕಿ ಹೇಳಿದಂತೆ ನಡೆದುಕೊಂಡೆ. ಅವರ ಮಾತು ಇಷ್ಟೇ: "ಸುಳ್ಳು ಎಂದು ವಾದಿಸಬೇಡಿ. ಅವನು ಕೇಳಿದ್ದಕ್ಕೆ ಉತ್ತರ ಕೊಡಿ. ಅವನು ಕೇಳದ ಕಥೆ ಹೇಳಬೇಡಿ." ಹಾಗಾಗಿ 1997ರ ಘಟನೆಯನ್ನು ನಾನು ಅಲ್ಲಗಳೆಯಲಿಲ್ಲ. ಕೆಲವರ ಮಿದುಳಿಗೆ ಬೇಗ ಬೇಗ ಮಿನುಗುವ ಬೆಳಕು ಸೆಳೆತ ತರುತ್ತದೆ, ಬಹುತೇಕ ಮಕ್ಕಳು ಬೇಗ ಚೇತರಿಸಿಕೊಂಡರು, ಆ ಬಳಿಕ ಅಲ್ಲಿನ ವಾಹಿನಿಗಳು ಮಿನುಗು ದೃಶ್ಯಗಳಿಗೆ ಮಿತಿ ಹಾಕಿಕೊಂಡವು ಎಂದು ವಿವರಿಸಿದೆ. ನಿನ್ನ ವಿಡಿಯೊದಲ್ಲಿ ಹಾಗೆ ಮಿನುಗುವುದು ಇದೆಯೇ ಎಂದು ಕೇಳಿದೆ. ಇಲ್ಲ ಎಂದ. ಕಾರಣ ಗೊತ್ತಾದ ಅಪಾಯವನ್ನು ಹೀಗೆ ಹುಡುಕಿ ನೋಡಬಹುದು ಎಂಬುದು ಅವನಿಗೆ ಹಿಡಿಸಿತು. ಹಾಗಾದರೆ ಬರೀ ಚಿತ್ರದಿಂದ ಕೆಡುಕಾದದ್ದು ಉಂಟೇ ಎಂದು ತಾನೇ ಕೇಳಿದ. ಉಂಟು ಎಂದೆ. 2020ರಲ್ಲಿ ಒಂದು ಸರೋವರದ ಸುಂದರ ಫೋಟೊವನ್ನು ವಾಲ್‌ಪೇಪರ್ ಮಾಡಿಕೊಂಡ ಕೆಲವು ಆಂಡ್ರಾಯ್ಡ್ ಫೋನುಗಳು ಮತ್ತೆ ಮತ್ತೆ ಆಫ್ ಆಗಿ ಆನ್ ಆಗತೊಡಗಿದವು. ಬಣ್ಣದ ಹೊಳಪನ್ನು 255ರ ಮಿತಿಯೊಳಗೆ ಲೆಕ್ಕ ಹಾಕಬೇಕಿದ್ದ ತಂತ್ರಾಂಶ ಆ ಚಿತ್ರದ ಬಣ್ಣಗಳಿಂದಾಗಿ ಮಿತಿ ದಾಟಿ ಮುಗ್ಗರಿಸಿತ್ತು. ಲೆಕ್ಕವನ್ನು ತಿದ್ದಿದ ಮೇಲೆ ಅದೇ ಚಿತ್ರ ನಿರಪಾಯ. ಅವನು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಫೈಲನ್ನು ಒಳಗಿನಿಂದ ನೋಡಿದ್ದು

ಫೈಲನ್ನು ಅವನ ಜೊತೆಗೇ ಬಿಚ್ಚಿ ನೋಡುವುದೆಂದು ತೀರ್ಮಾನಿಸಿದೆವು, ಆದರೆ ಚಿತ್ರವಾಗಿ ಅಲ್ಲ. ಅದಕ್ಕೂ ಮೊದಲು, ಅವನಿಲ್ಲದಾಗ, ಜಾಲಕ್ಕೆ ಸೇರಿಸದ ಹಳೆಯ ಕಂಪ್ಯೂಟರಿನಲ್ಲಿ ಮೂರನ್ನೂ ಪರೀಕ್ಷಿಸಿದೆ. ಶಾಪವೆಂಬ ವೇಷ ತೊಟ್ಟ ಫೈಲಿನಲ್ಲಿ ನಿಜವಾದ ವೈರಸ್ ಇರಬಹುದು, ಈ ಹೆಜ್ಜೆಯನ್ನು ಯಾರೂ ಬಿಡಬಾರದು. 2000ದ ಮೇ ತಿಂಗಳಲ್ಲಿ ಲೋಕವನ್ನೇ ಕಂಗೆಡಿಸಿದ 'ಐ ಲವ್ ಯೂ' ವೈರಸ್ ಬಂದದ್ದು ಪ್ರೇಮಪತ್ರದ ಪಠ್ಯ ಫೈಲಿನ ಹೆಸರಿನಲ್ಲಿ. ಹೆಸರಿನ ಕೊನೆಯ ತುಣುಕನ್ನು ವಿಂಡೋಸ್ ಮರೆಮಾಡುತ್ತಿದ್ದ ಕಾರಣ ಅದೊಂದು ಪ್ರೋಗ್ರಾಮ್ ಎಂದು ಜನರಿಗೆ ಕಾಣಲೇ ಇಲ್ಲ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಬಳಿಕ ಹುಡುಗನನ್ನು ಕರೆದೆ. ಹೆಕ್ಸ್ ಎಡಿಟರ್ ಎಂಬ ತಂತ್ರಾಂಶದಲ್ಲಿ ಫೈಲ್ ತೆರೆದರೆ ಚಿತ್ರ ಕಾಣುವುದಿಲ್ಲ, ಅದು ಯಾವ ಅಂಕಿ ಅಕ್ಷರಗಳಿಂದ ಆಗಿದೆಯೋ ಅವು ಸಾಲುಸಾಲಾಗಿ ಕಾಣುತ್ತವೆ. ನಾಯಿಯ ಮುಖ ನೋಡದೆಯೇ ನಾಯಿಯ ಮೇಲೆ ಬೆರಳಿಡಬಹುದು. ಮೊದಲ ಸಾಲಿನ ಮೊದಲ ಮೂರು ಜೋಡಿಗಳನ್ನು ಓದಲು ಹೇಳಿದೆ.

"ಎಫ್‌ಎಫ್, ಡಿ8, ಎಫ್‌ಎಫ್."

ಜೆಪಿಜಿ ಎಂಬ ಬಗೆಯ ಚಿತ್ರ ಫೈಲ್ ಯಾವುದೇ ಇರಲಿ, ಹೂವಿನದ್ದಿರಲಿ ನಾಯಿಯದ್ದಿರಲಿ, ಹೀಗೆಯೇ ಆರಂಭವಾಗುತ್ತದೆ. ನಂಬಿಕೆ ಬರಲೆಂದು ಅವನದೇ ತರಗತಿಯ ಫೋಟೊ ತೆರೆದು ತೋರಿಸಿದೆ. ಅದೇ ಮೂರು ಜೋಡಿ. ವಿಂಡೋಸ್‌ನ ಸಾಮಾನ್ಯ ಪ್ರೋಗ್ರಾಮ್ ಆಗಿದ್ದರೆ ಆರಂಭದಲ್ಲಿ ಎಂ, ಝಡ್ ಎಂಬ ಎರಡು ಅಕ್ಷರ ಇರುತ್ತಿತ್ತು ಎಂದೆ. ಅವನು ಇಡೀ ಮೊದಲ ಪುಟವನ್ನು ಬೆರಳಿಟ್ಟು ಹುಡುಕಿ, ಇಲ್ಲ ಎಂದ. ಕೆಳಗೆ ಇಳಿಯುತ್ತಾ ಹೋದಾಗ ಅಂಕಿಗಳ ನಡುವೆ ಓದಬಲ್ಲ ಪದವೊಂದು ಸಿಕ್ಕಿತು: ಫೋಟೊಶಾಪ್, ಚಿತ್ರಗಳನ್ನು ತಿದ್ದುವ ತಂತ್ರಾಂಶದ ಹೆಸರು. ಅದರ ಹತ್ತಿರವೇ ಒಂದು ದಿನಾಂಕ, ಒಂದು ಸಮಯ. ಹುಡುಗ ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿದ. ಆ ದಿನ ಮಂಗಳವಾರ, ಹೊತ್ತು ಮಧ್ಯಾಹ್ನ 3:42.

ಬಹಳ ಹೊತ್ತು ಸುಮ್ಮನೆ ಕೂತ. "ಹಾಗಾದರೆ ಯಾರೋ ಕೂತು ಮಾಡಿದ್ದಾರೆ" ಎಂದ. ನಾನು ಏನೂ ಸೇರಿಸಲಿಲ್ಲ.

1980ರ ದಿನಾಂಕವನ್ನು ಅವನು ಬಾಯಿಬಿಟ್ಟು ಹೇಳಿದ್ದು ಆಗಲೇ. ಜಿಪ್ ಫೈಲಿನ ಪಂಚಾಂಗ ಶುರುವಾಗುವುದೇ ಆ ದಿನದಿಂದ, ಅದಕ್ಕಿಂತ ಹಿಂದಿನ ದಿನವನ್ನು ಬರೆಯಲು ಅದಕ್ಕೆ ಬಾರದು. ಸರಿಯಾದ ದಿನಾಂಕ ಸಿಗದಿದ್ದರೆ ಕೆಲವು ತಂತ್ರಾಂಶಗಳು ಆ ಮೊದಲ ದಿನವನ್ನೇ ಬರೆದುಬಿಡುತ್ತವೆ. ಜೆಪಿಜಿ ಎಂಬ ಬಗೆಗೆ ಮಾನ್ಯತೆ ಸಿಕ್ಕಿದ್ದು 1992ರಲ್ಲಿ ಎಂದು ಹೇಳಿದೆನಷ್ಟೆ. ಕಳೆಯುವ ಲೆಕ್ಕವನ್ನು ಅವನೇ ಮಾಡಿದ: ಹನ್ನೆರಡು ವರ್ಷ ಮೊದಲೇ ಇಂಥ ಫೈಲ್ ಇರಲು ಸಾಧ್ಯವಿಲ್ಲ.

ಚಿತ್ರವನ್ನು ಚಿತ್ರವಾಗಿ ತೆರೆದದ್ದು ಮುಂದಿನ ವಾರ, ಅವನೇ ಕೇಳಿದ ಮೇಲೆ. ಮೊದಲು ಹಲ್ಲಿನ ಭಾಗವನ್ನು ಮಾತ್ರ, ಬಣ್ಣ ತೆಗೆದು, ಎಂಟು ಪಟ್ಟು ಹಿಗ್ಗಿಸಿ. ಆಗ ಅವು ಹಲ್ಲುಗಳಲ್ಲ, ಬೂದು ಬಣ್ಣದ ಚೌಕಗಳು. ನಾಯಿಯ ತುಟಿ ಸೇರುವಲ್ಲಿ ಕತ್ತರಿಸಿ ಅಂಟಿಸಿದ ನೇರ ಗೆರೆ ಕಂಡಿತು. ಗೆರೆಯನ್ನು ಮೊದಲು ಕಂಡವನು ಅವನೇ.

ಇಲ್ಲಿಗೆ ಪ್ರಕರಣ ಮುಗಿಯಿತೆಂದು ನಾನು ಭಾವಿಸಿದ್ದೆ. ತಾಯಿಯಿಂದ ಕರೆ ಬಂತು. ದೀಪ ಇನ್ನೂ ಆರಿಸುತ್ತಿಲ್ಲ.

ನಿಜವಾದ ಗಂಟು

ಇದರ ನಡುವೆ ಬೇರೊಂದು ಒತ್ತಡವೂ ಇತ್ತು. ಪೋಷಕರಲ್ಲಿ ವಿಷಯ ಹಬ್ಬಿ, ಫೈಲಿನ ಹೆಸರು ಹಾಕಿ ಎಲ್ಲ ಮನೆಗೂ ಸುತ್ತೋಲೆ ಕಳುಹಿಸಬೇಕೆಂಬ ಒತ್ತಾಯ ಬಂತು. ನಾವು ಒಪ್ಪಲಿಲ್ಲ. 2019ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ 'ಮೋಮೊ' ಎಂಬ ವಿಕಾರ ಮುಖ ಮಕ್ಕಳನ್ನು ಆತ್ಮಹತ್ಯೆಗೆ ದೂಡುತ್ತಿದೆ ಎಂಬ ಸುದ್ದಿ ಹಬ್ಬಿದಾಗ ಶಾಲೆಗಳೂ ಪೊಲೀಸರೂ ಎಚ್ಚರಿಕೆ ಹೊರಡಿಸಿದರು. ಅದರಿಂದ ಹಾನಿಯಾದ ಪುರಾವೆ ಇಲ್ಲವೆಂದು ಅಲ್ಲಿನ ಮಕ್ಕಳ ಸಂಸ್ಥೆಗಳೇ ಹೇಳಬೇಕಾಯಿತು. ಆ ಮುಖ ಜಪಾನಿನ ಕಲಾವಿದರೊಬ್ಬರು 2016ರಲ್ಲಿ ಪ್ರದರ್ಶನಕ್ಕಿಟ್ಟ ಒಂದು ಶಿಲ್ಪದ್ದು. ಎಚ್ಚರಿಸಲು ಹೊರಟವರೇ ಆ ಮುಖವನ್ನು ಮನೆಮನೆಗೆ ಮುಟ್ಟಿಸಿದ್ದರು. ಹೀಗಾಗಿ ನಾವು ಹೆಸರಿಲ್ಲದೆ, ಚಿತ್ರವಿಲ್ಲದೆ ಎರಡೇ ಸಾಲು ಬರೆದೆವು: ಹೆದರಿಸುವ ಯಾವುದಾದರೂ ಫೈಲ್ ಬಂದರೆ ಮುಂದೆ ಕಳುಹಿಸದೆ ದೊಡ್ಡವರಿಗೆ ತೋರಿಸಿ, ತೋರಿಸಿದ್ದಕ್ಕೆ ಯಾರೂ ಬೈಯುವುದಿಲ್ಲ.

ಸುತ್ತೋಲೆ ಏಕೆ ಬೇಡವೆಂದು ಹುಡುಗನೇ ಕೇಳಿದ. ಅವನಿಗೆ 2002ರ ಒಂದು ಸಂಗತಿ ಹೇಳಿದೆ. ಇದು ಭೂತದ ಕಥೆಯಲ್ಲ, ಆದ್ದರಿಂದ ಹೇಳಬಹುದು ಎನಿಸಿತು. ನಿಮ್ಮ ಕಂಪ್ಯೂಟರಿನಲ್ಲಿ ಪುಟ್ಟ ಕರಡಿ ಗೊಂಬೆಯ ಗುರುತಿರುವ ಫೈಲೊಂದಿದೆ, ಅದು ವೈರಸ್, ಕೂಡಲೇ ಅಳಿಸಿ, ಪರಿಚಿತರಿಗೆಲ್ಲ ತಿಳಿಸಿ ಎಂಬ ಇಮೇಲ್ ಲೋಕವೆಲ್ಲ ಸುತ್ತಿತು. ಹುಡುಕಿದವರಿಗೆ ಕರಡಿಯ ಗುರುತು ಸಿಕ್ಕಿತು ಕೂಡ. ಆದರೆ ಅದು ವಿಂಡೋಸ್‌ನದೇ ಫೈಲ್. ಜನ ತಮ್ಮ ಕೈಯಾರೆ ಅದನ್ನು ಅಳಿಸಿದರು, ತಮ್ಮ ಕೈಯಾರೆ ಪತ್ರವನ್ನು ಸ್ನೇಹಿತರಿಗೆ ಕಳುಹಿಸಿದರು.

"ಫೈಲ್ ಏನೂ ಮಾಡಲಿಲ್ಲ" ಎಂದ ಹುಡುಗ. "ಕಳುಹಿಸಿದವರು ಮಾಡಿದರು."

ಅಷ್ಟು ಹೇಳಿ ಅಳತೊಡಗಿದ. ಹತ್ತನೆಯ ರಾತ್ರಿಯ ಗಡುವು ಹತ್ತಿರವಾದಾಗ ಅವನು ಆ ಜಿಪ್ಪನ್ನು ತನ್ನ ಚಿಕ್ಕಪ್ಪನ ಮಗಳಿಗೆ ಕಳುಹಿಸಿದ್ದ. ತಂಗಿಗೆ ಒಂಬತ್ತು ವರ್ಷ. ಅಷ್ಟು ದಿನ ಅವನು ಕಾದು ಕೂತಿದ್ದದ್ದು ತನಗೆ ಏನಾದರೂ ಆಗುತ್ತದೆ ಎಂದಲ್ಲ. ಪ್ರತಿದಿನ ಸಂಜೆ ಫೋನ್ ಸದ್ದು ಮಾಡಿದಾಗ ಚಿಕ್ಕಪ್ಪನ ಮನೆಯಿಂದ ಕೆಟ್ಟ ಸುದ್ದಿ ಬಂತೇನೋ ಎಂದು ಕಿವಿ ಕೊಡುತ್ತಿದ್ದ. ತಾನು ಉಳಿಯಲೆಂದು ಅವಳನ್ನು ಕೊಟ್ಟೆ ಎಂಬುದು ಅವನ ಎದೆಯ ಮೇಲಿನ ಕಲ್ಲಾಗಿತ್ತು. ಕಂಸದೊಳಗಿನ 1 ಎಂಬ ಅಂಕಿಯನ್ನೂ ಅವನು ಓದಿದ್ದು ಹಾಗೆಯೇ: ತಾನು ಬಲಿಕೊಟ್ಟವರ ಸಂಖ್ಯೆ.

ಹೆಕ್ಸ್ ಎಡಿಟರಿನಲ್ಲಿ ಇದಕ್ಕೆ ಮದ್ದಿರಲಿಲ್ಲ. ಸಮಾಲೋಚಕಿ ಅಂದು ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. "ಅವಳಿಗೆ ಏನು ಹೇಳಬೇಕೆನ್ನಿಸುತ್ತದೆ?" ಎಂದು ಕೇಳಿ, ಅವನು ಹೇಳಿದ್ದನ್ನು ಬರೆಸಿದರು. ಎರಡೂ ಮನೆಯವರೊಡನೆ ಮಾತಾಡಿ, ಆ ಭಾನುವಾರ ಅವನೇ ಹೋಗಿ ತಂಗಿಯನ್ನು ಕಾಣುವಂತೆ ಏರ್ಪಾಡು ಮಾಡಿದರು. ಅಲ್ಲಿ ಗೊತ್ತಾಯಿತು, ಆ ಮಗು ಕೂಡ ಚಿತ್ರ ನೋಡಿತ್ತು, ಹೆದರಿತ್ತು, ಯಾರಿಗೂ ಹೇಳಿರಲಿಲ್ಲ. ಮುಂದಕ್ಕೆ ಯಾರಿಗೂ ಕಳುಹಿಸಿರಲೂ ಇಲ್ಲ. "ಕಳುಹಿಸಿದರೆ ಅವರು ಹೆದರುತ್ತಾರಲ್ಲ, ಅಣ್ಣ" ಎಂದಳಂತೆ. ಹುಡುಗ ಲ್ಯಾಪ್‌ಟಾಪ್ ತೆರೆದು, ಅಂಕಿಗಳ ಮೊದಲ ಸಾಲಿಗೆ ಬೆರಳಿಟ್ಟು ನಾಯಿ ಇಲ್ಲಿ ಶುರುವಾಗುತ್ತದೆ ಎಂದನಂತೆ. ಕೊನೆಯ ಸಾಲಿಗಿಳಿದು, ಎಫ್‌ಎಫ್ ಡಿ9 ಇರುವಲ್ಲಿ ಬೆರಳಿಟ್ಟು, ಇಲ್ಲಿಗೆ ಮುಗಿಯುತ್ತದೆ ಎಂದನಂತೆ. ಇದನ್ನು ನನಗೆ ಹೇಳಿದ್ದು ಅವನ ತಾಯಿ.

ಇದರಿಂದ ನಾವು ಕಲಿತದ್ದು

ನಾನು ಮತ್ತೊಮ್ಮೆ ಇಂಥ ಪ್ರಕರಣಕ್ಕೆ ಕೂತರೆ ಮೊದಲ ದಿನವೇ ಕೇಳುವ ಪ್ರಶ್ನೆ "ನೀನು ಏನು ನೋಡಿದೆ?" ಎಂಬುದಲ್ಲ, "ಇದನ್ನು ಯಾರಿಗಾದರೂ ಕಳುಹಿಸಬೇಕು ಎನ್ನಿಸಿತೇ?" ಎಂಬುದು. ಅದನ್ನೂ ಮಗು ಹೌದು ಎನ್ನಲು ಅಂಜದಂಥ ದನಿಯಲ್ಲಿ. ದಾಟಿಸಿದರೆ ಬಿಡುಗಡೆ ಎಂಬ ಷರತ್ತು ಇರುವ ಕಥೆ ಮಗುವನ್ನು ಎರಡು ಸಲ ಹಿಡಿಯುತ್ತದೆ, ಒಮ್ಮೆ ಭಯದಿಂದ, ಇನ್ನೊಮ್ಮೆ ತಪ್ಪಿತಸ್ಥ ಭಾವದಿಂದ. ದೊಡ್ಡವರಿಗೆ ಕಾಣುವುದು ಮೊದಲನೆಯದು ಮಾತ್ರ.

ತಾಂತ್ರಿಕ ವಿವರಣೆ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಅದು ಅವನಿಗೆ ಧೈರ್ಯ ಕೊಡಲಿಲ್ಲ, ಆದರೆ ನನ್ನ ಮೇಲೆ ನಂಬಿಕೆ ತಂದಿತು. ಪ್ರಶ್ನೆ ಕೇಳಿದರೆ ನೇರ ಉತ್ತರ ಸಿಗುತ್ತದೆ, 1997ರದ್ದು ನಿಜವೆಂದು ಒಪ್ಪುವ ಮನುಷ್ಯಳು ಇವಳು ಎಂಬ ನಂಬಿಕೆ ಇಲ್ಲದಿದ್ದರೆ ತಂಗಿಯ ವಿಷಯ ಹೊರಗೆ ಬರುತ್ತಿರಲಿಲ್ಲ. ಅಳಿಸುವ ವಿಚಾರದಲ್ಲಂತೂ ಪೋಷಕರಿಗೆ ನನ್ನ ಕಳಕಳಿಯ ಮಾತು: ಮಗುವಿನೆದುರು "ಹೋಯಿತು" ಎನ್ನುವ ಮೊದಲು ಫೈಲ್ ಎಲ್ಲೆಲ್ಲಿದೆ ಎಂದು ನೋಡಿ. ಮೊಬೈಲ್, ಕ್ಲೌಡ್ ಖಾತೆ, ಸಂದೇಶ ಆ್ಯಪಿನ ಫೋಲ್ಡರ್, ರೀಸೈಕಲ್ ಬಿನ್. ಮೂಲ ಚಿತ್ರ ಹೋದ ಮೇಲೂ ಅದರ ಪುಟ್ಟ ನಕಲು ಕಂಪ್ಯೂಟರಿನಲ್ಲಿ ಉಳಿದಿರಬಹುದು. ಮರಳಿ ಬರಬಹುದಾದರೆ ಬರಬಹುದು ಎಂದೇ ಮೊದಲು ಹೇಳಿಬಿಡಿ.

ಕಳುಹಿಸಿದ ಹಿರಿಯ ವಿದ್ಯಾರ್ಥಿಯನ್ನು ಶಿಕ್ಷಿಸಬೇಕೇ ಎಂಬ ಚರ್ಚೆಯೂ ನಡೆಯಿತು. ಸಮಾಲೋಚಕಿ ಅವನನ್ನು ಕರೆದು ಮಾತಾಡಿಸಿದಾಗ ತಿಳಿದದ್ದು: ಅವನೂ ಹತ್ತು ರಾತ್ರಿ ಎಣಿಸಿದ್ದ.

ಮೂರು ತಿಂಗಳ ಬಳಿಕ ವಿಚಾರಿಸಿದೆವು. ಹುಡುಗ ಊಟ ಸರಿಯಾಗಿ ಮಾಡುತ್ತಾನೆ, ತಲೆನೋವು ಇಲ್ಲ, ದೀಪ ಆರಿಸಿ ಮಲಗುತ್ತಾನೆ, ಕೋಣೆಯ ಬಾಗಿಲು ಮಾತ್ರ ತೆರೆದಿರಬೇಕು. ಲ್ಯಾಬಿನಲ್ಲಿ ಪರದೆ ಕಪ್ಪಾದಾಗ ಕಣ್ಣು ಮುಚ್ಚುವುದಿಲ್ಲ. ಗೋಡೆ ಪಕ್ಕದ ಆ ಕುರ್ಚಿಯನ್ನು ಈಗಲೂ ಅವನಿಗೇ ಬಿಟ್ಟಿದ್ದೇವೆ.